ನೀವು ಓದಿದ್ದು ಇಪ್ಪತ್ತೊಂದೇ

ಚನ್ನಗಿರಿ
13 ಜುಲೈ 2025, ಭಾನುವಾರ

ಗುರುಸ್ವಾಮಣ್ಣನವರಿಗೆ ಶಿವಲೀಲಾಳ ನಮಸ್ಕಾರಗಳು.

ಈ ಕಾಗದವನ್ನು ನಿಮ್ಮ ಮಗಳು ಚೈತ್ರಶ್ರೀಯ ಕೈಗೆ ಕೊಟ್ಟು ಕಳಿಸುತ್ತಿದ್ದೇನೆ. ಓದಿ ಹೇಳು ಎಂದು ನೀವು ಅವಳನ್ನು ಕೇಳುತ್ತೀರಿ. ಅವಳು ಓದುವುದಿಲ್ಲ. ಹಾಗೆಂದು ನಾವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದೇವೆ. ನಿಮ್ಮ ಮನೆಯವರಿಗೆ, ಕರಿಯಕ್ಕನವರಿಗೆ, ಓದಲು ಬಾರದು. ಆದ್ದರಿಂದ ನೀವೇ ಓದಬೇಕು. ಅಕ್ಷರಗಳನ್ನು ದೊಡ್ಡದಾಗಿ, ಒಂದು ಗೆರೆ ಬಿಟ್ಟು ಒಂದು ಗೆರೆಯಲ್ಲಿ ಬರೆದಿದ್ದೇನೆ. ಕನ್ನಡಕ ಹಾಕಿಕೊಂಡು, ಬೆಳಕಿರುವ ಕಡೆ ಕೂತು ಓದಿ. ಅವಸರವೇನಿಲ್ಲ. ಆರು ವರ್ಷ ತಡವಾಗಿ ಬರುತ್ತಿರುವ ಕಾಗದ ಇದು.

ನನ್ನನ್ನು ಮರೆತಿರಲಾರಿರಿ. ನೀವು ವೈರ್‌ಮನ್ ಆಗಿದ್ದ, ಚನ್ನಗಿರಿಯ ಪ್ರಸನ್ನಕುಮಾರ್ ಅವರ ಎಲೆಕ್ಟ್ರಿಕ್ ಪ್ಯಾನಲ್ ಬೋರ್ಡ್ ಶೆಡ್ಡಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಡ್ರಾಯಿಂಗ್ ಮಾಡುತ್ತಿದ್ದವಳು, ಬಸವಾಪಟ್ಟಣದಿಂದ ಎಂಟು ಗಂಟೆಯ ಬಸ್ಸಿಗೆ ಬರುತ್ತಿದ್ದವಳು. ನೀವು ಲೀಲವ್ವ ಎನ್ನುತ್ತಿದ್ದಿರಿ. ನಾನು ಬರುವ ಹೊತ್ತಿಗೆ ನೀವು ಶೆಡ್ಡಿನ ಮೆಟ್ಟಿಲ ಮೇಲೆ ಪೇಪರ್ ಹರಡಿಕೊಂಡು ಕೂತಿರುತ್ತಿದ್ದಿರಿ. ನಮ್ಮ ಮನೆಯಲ್ಲೂ ದಿನಾ ಪೇಪರ್ ಬರುತ್ತಿತ್ತು, ಆದರೆ ನಿಮ್ಮಷ್ಟು ಅನುಮಾನದಿಂದ ಪೇಪರ್ ಓದುವವರನ್ನು ನಾನು ಕಂಡಿರಲಿಲ್ಲ. "ಮುಖ್ಯ ವಿಷ್ಯ ಮೊದಲನೇ ಸಾಲಿನಾಗೇ ಇರಬೇಕು ಲೀಲವ್ವ. ಉಳಿದಿದ್ದು ಆರನೇ ಪುಟಕ್ಕೆ ಅಂತ ಹಾಕಿದ್ರೆ, ಅಲ್ಲೇನೋ ಬಚ್ಚಿಟ್ಟಾರೆ ಅಂತ ತಿಳ್ಕೋ" ಎನ್ನುತ್ತಿದ್ದಿರಿ.

ಹಾಗಾಗಿ ಮುಖ್ಯ ವಿಷಯವನ್ನು ಇಲ್ಲೇ ಬರೆಯುತ್ತೇನೆ. ಗೋವಿನಕೋವಿಯ ಧರ್ಮಪ್ಪನವರ ಅಕ್ಕಿ ಗಿರಣಿಯಲ್ಲಿ ಮೋಟಾರು ಸುಟ್ಟುಹೋದದ್ದು ನಿಮ್ಮ ತಪ್ಪಿನಿಂದಲ್ಲ. ನಿಮ್ಮ ಕಣ್ಣು ಅಂಕಿಯನ್ನು ತಿರುಗಿಸಿ ಓದಲಿಲ್ಲ. ನಾನು ನಿಮಗೆ ಕೊಟ್ಟ ಸೆಟ್ಟಿಂಗ್ ಪಟ್ಟಿಯಲ್ಲಿ ಇಪ್ಪತ್ತೊಂದು ಎಂದೇ ಇತ್ತು. ಇರಬೇಕಾದದ್ದು ಹನ್ನೆರಡು. ತಪ್ಪು ನನ್ನದು. ನೀವು ಕೆಲಸ ಬಿಟ್ಟು ಹೋದ ದಿನವೇ ಅದು ನನಗೆ ಗೊತ್ತಾಗಿತ್ತು.

ಈ ಸಾಲುಗಳನ್ನು ಬರೆದು ಸ್ವಲ್ಪ ಹೊತ್ತು ಪೆನ್ನು ಕೆಳಗಿಟ್ಟೆ. ನೀವೂ ಬೇಕಾದರೆ ಇಲ್ಲಿ ನಿಲ್ಲಿಸಿ, ನೀರು ಕುಡಿದು ಬನ್ನಿ. ಉಳಿದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ.

ನಾನು ಶೆಡ್ಡಿಗೆ ಸೇರಿದ ಮೊದಲ ವಾರ ನಿಮಗೆ ನೆನಪಿದೆಯೋ ಇಲ್ಲವೋ. ಡಿಪ್ಲೊಮಾ ಮುಗಿಸಿ, ಎಲೆಕ್ಟ್ರಿಕಲ್ ಡ್ರಾಯಿಂಗ್ ಸಾಫ್ಟ್‌ವೇರ್ ಕಲಿತ ಜಂಬ ನನ್ನಲ್ಲಿತ್ತು. ಒಂದು ಪ್ಯಾನಲ್ಲಿನ ನಕ್ಷೆ ಮಾಡಿ, ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆದು, ನಿಮ್ಮ ಮುಂದೆ ಹರಡಿದೆ. ಗೆರೆ ನೇರವಾಗಿತ್ತು, ಚೌಕಗಳು ಒಂದೇ ಅಳತೆಯಲ್ಲಿದ್ದವು. ನೀವು ಹಾಳೆಯ ಅಂದವನ್ನು ನೋಡಲೇ ಇಲ್ಲ. ಒಂದು ಚೌಕದ ಮೇಲೆ ಬೆರಳಿಟ್ಟು ಹೆಣ್ಣು ನೋಡಲು ಬಂದ ಬೀಗರ ಹಾಗೆ ಕೇಳಿದಿರಿ. "ಇದರ ಹೆಸರೇನು? ಯಾರ ಮನೆಗೆ ಸೇರಿದ್ದು? ಎಷ್ಟು ಉಣ್ತೈತೆ? ಎಷ್ಟಕ್ಕೆ ಸಿಟ್ಟು ಬರ್ತೈತೆ?" ನನಗೆ ನಗು ಬಂತು. ನೀವು ನಗಲಿಲ್ಲ. "ನಾಕಕ್ಕೂ ಉತ್ತರ ಇಲ್ದಿದ್ರೆ ಅದು ಚೌಕ ಕಣವ್ವ, ರಿಲೇ ಅಲ್ಲ. ಚೌಕಕ್ಕೆ ವೈರ್ ಕೊಡಾಕೆ ಬರಲ್ಲ" ಎಂದಿರಿ.

ಸಾಫ್ಟ್‌ವೇರಿನಲ್ಲಿ ಆ ನಾಲ್ಕು ಪ್ರಶ್ನೆಗಳಿಗೂ ಒಂದೊಂದು ಜಾಗವಿದೆ. ಪರದೆಯ ಮೇಲಿನ ಯಾವ ಚಿತ್ರವನ್ನು ಒತ್ತಿದರೂ ಪಕ್ಕದಲ್ಲಿ ಒಂದು ಕಿಟಕಿ ತೆರೆಯುತ್ತದೆ. ಅದನ್ನು ಪ್ರಾಪರ್ಟೀಸ್ ಎನ್ನುತ್ತಾರೆ. ಆ ವಸ್ತುವಿನ ಹೆಸರು, ಅದು ಸೇರಿದ ಸರ್ಕ್ಯೂಟ್, ಹರಿಯುವ ಕರೆಂಟು, ಎಷ್ಟಕ್ಕೆ ಬಿದ್ದು ಕರೆಂಟು ಕಡಿಯಬೇಕು ಎಂಬ ಸೆಟ್ಟಿಂಗ್, ಎಲ್ಲವೂ ಅಲ್ಲಿರುತ್ತದೆ. ಕಾಲೇಜಿನಲ್ಲಿ ಅದನ್ನು ತೋರಿಸಿದ್ದರು. ಯಾಕೆ ಬೇಕು ಎಂದು ಹೇಳಿರಲಿಲ್ಲ. ನೀವು ಕಂಪ್ಯೂಟರ್ ಮುಟ್ಟಿದವರಲ್ಲ. ಆದರೂ ಆ ಕಿಟಕಿಯನ್ನು ನನಗೆ ಅರ್ಥ ಮಾಡಿಸಿದವರು ನೀವು. ಅರ್ಥವಾಯಿತು ಎಂದುಕೊಂಡೆ. ಪೂರ್ತಿ ಆಗಿರಲಿಲ್ಲ.

ನಮ್ಮ ಶೆಡ್ಡಿನ ಕೆಲಸದ ರೀತಿ ನಿಮಗೆ ಗೊತ್ತೇ ಇದೆ. ಹೊಸ ಡ್ರಾಯಿಂಗ್ ಅಂತ ಯಾವತ್ತೂ ಇರಲಿಲ್ಲ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಸುತ್ತಿನ ಎಲ್ಲ ಗಿರಣಿಗಳ ನಕ್ಷೆಗಳೂ ಒಂದೇ ತಾಯಿಯ ಮಕ್ಕಳು. ಹಳೆಯದನ್ನು ಕಾಪಿ ಹೊಡೆದು ಊರ ಹೆಸರು ಬದಲಿಸುವುದು. "ಗಿರಣಿ ಎಲ್ಲಾ ಒಂದೇ ಕಣಮ್ಮ, ಭತ್ತ ಒಳಗೆ ಹೋಗ್ತೈತೆ ಅಕ್ಕಿ ಹೊರಗೆ ಬರ್ತೈತೆ. ಹೊಸದಾಗಿ ಗೀಚ್ತಾ ಕೂತ್ರೆ ಯುಗಾದಿ ಬರ್ತೈತೆ" ಎಂದು ಪ್ರಸನ್ನಕುಮಾರ್ ಅವಸರಪಡಿಸುತ್ತಿದ್ದರು. ಧರ್ಮಪ್ಪನವರ ಗಿರಣಿಗೂ ಹಾಗೇ ಮಾಡಿದೆ. ಸಾಸ್ವೆಹಳ್ಳಿಯ ಗಿರಣಿಯ ನಕ್ಷೆ ತೆಗೆದುಕೊಂಡೆ. ಅಲ್ಲಿ ಮೋಟಾರು ಇಪ್ಪತ್ತೈದು ಎಚ್‌ಪಿ, ಇಲ್ಲಿ ಹದಿನೈದು. ಮೋಟಾರಿಗೆ ಕಾವಲು ಕೂರುವ ಓವರ್‌ಲೋಡ್ ರಿಲೇ ಅಲ್ಲಿ ಇಪ್ಪತ್ತೊಂದು ಆಂಪಿಯರಿಗೆ ಬೀಳಬೇಕಿತ್ತು, ಇಲ್ಲಿ ಹನ್ನೆರಡಕ್ಕೆ. ಲೆಕ್ಕವನ್ನು ಸರಿಯಾಗಿಯೇ ಮಾಡಿದ್ದೆ. ಅದೊಂದನ್ನು ಹೇಳಲು ಬಿಡಿ.

ತಪ್ಪಿದ್ದು ಅದನ್ನು ಬರೆದ ಜಾಗದಲ್ಲಿ. ಆ ಹಳೆಯ ಕಂಪ್ಯೂಟರಿನಲ್ಲಿ ಪ್ರಾಪರ್ಟೀಸ್ ಕಿಟಕಿ ತೆರೆಯಬೇಕಾದರೆ ಮೌಸ್ ಒತ್ತಿ ಕಾಯುತ್ತ ಕೂರಬೇಕಿತ್ತು. ಕೆಲವು ಸಲ ಪರದೆಯೇ ಹೆಪ್ಪುಗಟ್ಟುತ್ತಿತ್ತು. ಅದಕ್ಕೆ ನಾನೊಂದು ಒಳದಾರಿ ಹಿಡಿದಿದ್ದೆ. ಚಿತ್ರದ ಪಕ್ಕದಲ್ಲಿ ಕಾಣುವ ಹಳೆಯ ಅಂಕಿಯನ್ನು ಮರೆಮಾಡಿ, ಅದೇ ಜಾಗದಲ್ಲಿ ಬಿಡಿ ಅಕ್ಷರದಲ್ಲಿ ಹೊಸ ಅಂಕಿ ಟೈಪ್ ಮಾಡಿಬಿಡುವುದು. ಡಬ್ಬಿಯ ಮೇಲಿನ ಚೀಟಿ ಬದಲಿಸಿ ಒಳಗಿನ ಸಾಮಾನು ಹಾಗೇ ಬಿಟ್ಟಂತೆ. ನೋಡುವವರಿಗೆ ಹನ್ನೆರಡು ಎಂದು ಕಾಣುತ್ತದೆ. ಆದರೆ ಸಾಫ್ಟ್‌ವೇರಿಗೆ ಆ ಬಿಡಿ ಅಕ್ಷರ ಬರೀ ಗೀಚು. ಅದರ ಮಟ್ಟಿಗೆ ರಿಲೇ ಇನ್ನೂ ಸಾಸ್ವೆಹಳ್ಳಿಯ ರಿಲೇಯೇ, ಇಪ್ಪತ್ತೊಂದೇ. ಸೈಟಿಗೆ ಕೊಡುವ ಸೆಟ್ಟಿಂಗ್ ಪಟ್ಟಿಯನ್ನು ಸಾಫ್ಟ್‌ವೇರ್ ತಾನೇ ತಯಾರಿಸುತ್ತದಲ್ಲ, ಅದು ಹಾಳೆಯ ಮೇಲೆ ಕಾಣುವುದನ್ನು ಓದಿ ತಯಾರಿಸುವುದಿಲ್ಲ. ಒಳಗಿನ ಪ್ರಾಪರ್ಟೀಸನ್ನು ಓದಿ ತಯಾರಿಸುತ್ತದೆ. ಇಷ್ಟು ಸಣ್ಣ ವಿಷಯ ಆಗ ನನಗೆ ತಿಳಿದಿರಲಿಲ್ಲ.

ಆ ಪಟ್ಟಿಯನ್ನು ನಿಮ್ಮ ಕೈಗಿಟ್ಟವಳು ನಾನೇ. ಅದಕ್ಕಿಂತ ಹೆಚ್ಚಿನದೊಂದನ್ನು ಒಪ್ಪಿಕೊಳ್ಳಬೇಕು. ಅಲ್ಲಿಯವರೆಗೆ ನೀವು ಪಟ್ಟಿಯನ್ನು ಒಂದು ಕಣ್ಣಲ್ಲಿ ನೋಡಿ, ವೈರಿಗೆ ಕ್ಲ್ಯಾಂಪ್ ಮೀಟರ್ ಹಾಕಿ ಕರೆಂಟು ಅಳೆದು, ಮೋಟಾರಿನ ಸದ್ದು ಕೇಳಿ ರಿಲೇಯ ಡಯಲ್ ತಿರುಗಿಸುತ್ತಿದ್ದಿರಿ. ಅದು ಬೇಡ, ಇನ್ನು ಮೇಲೆ ಪಟ್ಟಿಯ ಪ್ರಕಾರವೇ ಆಗಬೇಕು ಎಂದು ಪ್ರಸನ್ನಕುಮಾರ್ ಅವರಿಗೆ ಹೇಳಿ ನಿಯಮ ಮಾಡಿಸಿದ್ದು ನಾನು. ನೀವು ಎದುರಾಡಲಿಲ್ಲ. "ಆಗ್ಲಿ ಬಿಡವ್ವ, ನೀನು ಲೆಕ್ಕ ಮಾಡಿರ್ತೀ, ನಾನು ಅಂದಾಜು ಮಾಡ್ತೀನಿ. ಲೆಕ್ಕನೇ ದೊಡ್ಡದು" ಎಂದಿರಿ. 2018ರ ನವೆಂಬರ್ 22ರಂದು ಗೋವಿನಕೋವಿಗೆ ಹೋಗಿ ಡಯಲನ್ನು ಇಪ್ಪತ್ತೊಂದಕ್ಕೆ ಇಟ್ಟು ಬಂದಿರಿ. ಮೋಟಾರಿನ ತಗಡಿನ ಮೇಲೂ ಇಪ್ಪತ್ತೊಂದು ಎಂದೇ ಇದ್ದುದರಿಂದ ಅನುಮಾನ ಬರುವಂತೆಯೂ ಇರಲಿಲ್ಲ. ಆದರೆ ಮೋಟಾರು ಶುರು ಮಾಡುವ ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ರಿಲೇಯ ಮೂಲಕ ಹೋಗುವುದು ಅದರ ಅರ್ಧಕ್ಕಿಂತ ಚೂರು ಹೆಚ್ಚು ಮಾತ್ರ. ನಿಮ್ಮ ಮೀಟರ್ ಇದ್ದಿದ್ದರೆ ಅದನ್ನು ಹೇಳಿರುತ್ತಿತ್ತು. ಮೀಟರನ್ನು ನಾನು ಶೆಡ್ಡಿನಲ್ಲೇ ಬಿಡಿಸಿದ್ದೆ.

ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಗಿರಣಿಯಲ್ಲಿ ಕಾಳು ಮೇಲಕ್ಕೆತ್ತುವ ಎಲಿವೇಟರಿಗೆ ಹಸಿ ಭತ್ತ ಸಿಕ್ಕಿಕೊಂಡಿತು. ಮೋಟಾರು ತಿರುಗಲಾರದೆ ಏದುಸಿರು ಬಿಟ್ಟಿತು. ಬೀಳಬೇಕಾದ ರಿಲೇ ಬೀಳಲಿಲ್ಲ. ಹೊಗೆ ಬಂದ ಮೇಲೆ ಹಮಾಲರು ಮೇನ್ ಸ್ವಿಚ್ ಎಳೆದರು. ಯಾರಿಗೂ ಏನೂ ಆಗಲಿಲ್ಲ ಎಂಬುದನ್ನು ಇವತ್ತಿಗೂ ನೆನೆಯುತ್ತೇನೆ. ಗಿರಣಿ ಒಂಬತ್ತು ದಿನ ನಿಂತಿತು.

ಇನ್ನು ಆ ಶನಿವಾರದ ವಿಷಯ. 2019ರ ಫೆಬ್ರವರಿ 16. ಶೆಡ್ಡಿನ ಮೇಜಿನ ಸುತ್ತ ನಾವು ನಾಲ್ಕು ಜನ. ಧರ್ಮಪ್ಪನವರು ಕೂರಲೇ ಇಲ್ಲ. ಡಯಲ್ ಇಪ್ಪತ್ತೊಂದರಲ್ಲಿರುವ ಫೋಟೋವನ್ನು ಮೊಬೈಲಿನಲ್ಲಿ ಹಿಡಿದು ತೋರಿಸಿದರು. ಪ್ರಸನ್ನಕುಮಾರ್ ನನ್ನ ಡ್ರಾಯಿಂಗ್ ತೆಗೆದು ಹರಡಿದರು. ಅಲ್ಲಿ ಹನ್ನೆರಡು. "ನಮ್ಮ ಹುಡುಗಿ ಕಂಪ್ಯೂಟರ್‌ನಾಗೆ ಮಾಡ್ತಾಳೆ, ಅದರಾಗೆ ತಪ್ಪು ಬರಾಕೆ ಸಾಧ್ಯನೇ ಇಲ್ರೀ" ಎಂದರು. ಧರ್ಮಪ್ಪನವರು ನಿಮ್ಮ ಕಡೆ ತಿರುಗಿ, "ಕಣ್ಣು ಮಂಜಾದೋರ ಕೈಗೆ ಗಿರಣಿ ಕೊಟ್ಟೀರಲ್ರೀ, ಇದೇನು ಮದುವೆ ಮನೆ ಸೀರಿಯಲ್ ಸೆಟ್ ಅಂದ್ಕೊಂಡ್ರಾ?" ಎಂದರು.

ನೀವು ಸಿಟ್ಟಾಗಲಿಲ್ಲ. ಕನ್ನಡಕ ತೆಗೆದಿರಿ, ಹೆಗಲ ಟವೆಲಿನಲ್ಲಿ ಒರೆಸಿದಿರಿ, ಹಾಕಿಕೊಂಡು ಮತ್ತೆ ಬಗ್ಗಿ ನೋಡಿದಿರಿ. "ಪಟ್ಟಿನಾಗೆ ಇಪ್ಪತ್ತೊಂದು ಇದ್ದಂಗಿತ್ತು" ಎಂದು ನಿಧಾನವಾಗಿ ಹೇಳಿದಿರಿ. ಸೈಟಿನಲ್ಲಿದ್ದ ನಿಮ್ಮ ಪಟ್ಟಿ ಗಿರಣಿಯ ತೌಡು ಧೂಳಿನಲ್ಲಿ ಎಲ್ಲೋ ಕಳೆದುಹೋಗಿತ್ತು. ಆಮೇಲೆ ನನ್ನ ಕಡೆ ನೋಡಿ, "ಅಲ್ಲೇನವ್ವ?" ಎಂದಿರಿ. ನಾನು ಏನೆಂದೆ ಎಂದು ನಿಮಗೆ ನೆನಪಿರುತ್ತದೆ. "ಡ್ರಾಯಿಂಗ್‌ನಿಂದಲೇ ಪಟ್ಟಿ ಬರೋದು ಅಣ್ಣ. ಎರಡೂ ಬೇರೆ ಬೇರೆ ಇರೋಕೆ ಆಗಲ್ಲ." ಆ ಗಳಿಗೆಯಲ್ಲಿ ಅದನ್ನು ನಂಬಿಯೇ ಹೇಳಿದೆ. ಆದರೆ ನಂಬುವ ಮೊದಲು ಒಂದು ಸಲ ಮೌಸ್ ಒತ್ತಿ ನೋಡಬಹುದಿತ್ತು. ನೀವು ಚೌಕಕ್ಕೆ ಕೇಳಿದ ನಾಲ್ಕನೇ ಪ್ರಶ್ನೆಯನ್ನು ನಾನೂ ಕೇಳಬಹುದಿತ್ತು.

ಪ್ರಸನ್ನಕುಮಾರ್ ನಿಮ್ಮನ್ನು ಕೆಲಸದಿಂದ ತೆಗೆಯಲಿಲ್ಲ. "ಇನ್ಮೇಲೆ ಸೈಟಿಗೆ ಬ್ಯಾಡ್ರಿ. ಶೆಡ್ಡಿನಾಗೇ ವೈರ್ ಕತ್ತರಿಸ್ಕೊಂಡು ಇರ್ರಿ" ಎಂದರು. ನೀವು, "ಕಣ್ಣನ್ನೇ ನಂಬಾಕೆ ಆಗದ ಮೇಲೆ ವೈರ್ ಯಾಕ್ರಿ ಮುಟ್ಲಿ" ಎಂದಿರಿ. ಆ ಮಾತನ್ನು ಬೇಸರದ ಮಾತು ಎಂದುಕೊಂಡೆ. ಅದು ನಿಮ್ಮ ನಂಬಿಕೆಯಾಗಿಬಿಟ್ಟಿತ್ತು ಎಂದು ತಿಳಿಯಲು ನನಗೆ ಆರು ವರ್ಷ ಬೇಕಾಯಿತು.

ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ನೀವು ಅಂಗಳದಲ್ಲಿ ಕೂತು ನಿಮ್ಮ ಚೀಲಕ್ಕೆ ಸಾಮಾನು ತುಂಬುತ್ತಿದ್ದಿರಿ. ಸ್ಕ್ರೂಡ್ರೈವರ್‌ಗಳನ್ನು ಉದ್ದದ ಪ್ರಕಾರ ಜೋಡಿಸುತ್ತಿದ್ದಿರಿ. ಕಿಟಕಿಯಿಂದ ಕಾಣುತ್ತಿತ್ತು. ನಾನು ಡ್ರಾಯಿಂಗ್ ತೆರೆದು ಆ ರಿಲೇಯನ್ನು ಒತ್ತಿದೆ. ಪ್ರಾಪರ್ಟೀಸ್ ಕಿಟಕಿ ಎಂದಿನಂತೆ ಕಾಯಿಸಿ ತೆರೆದುಕೊಂಡಿತು. ಸೆಟ್ಟಿಂಗ್ ಎಂಬ ಕಡೆ ಇಪ್ಪತ್ತೊಂದು ಎಂದಿತ್ತು.

ನನ್ನ ಕುರ್ಚಿಯಿಂದ ನೀವು ಕೂತಿದ್ದ ಜಾಗಕ್ಕೆ ಹತ್ತು ಹೆಜ್ಜೆ. ಆಮೇಲೆ ಎಷ್ಟೋ ಸಲ ಅಳೆದಿದ್ದೇನೆ. ಎದ್ದು ಬರಲಿಲ್ಲ. ಕಾರಣಗಳನ್ನು ಬರೆಯಲು ಹೊರಟರೆ ನೆಪಗಳಾಗುತ್ತವೆ. ಹೆದರಿದೆ, ಅಷ್ಟೇ. ಇಪ್ಪತ್ತೊಂದನ್ನು ಅಳಿಸಿ ಹನ್ನೆರಡು ಎಂದು ತುಂಬಿ ಸೇವ್ ಮಾಡಿದೆ. ಅಷ್ಟರಲ್ಲಿ ನೀವು ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದಿರಿ. ಜಗಳ ತೆಗೆಯಲು ಬಂದಿರಿ ಅಂದುಕೊಂಡೆ. ನೀವು ಮಕ್ಕಳು ಕೇಳುವಂತೆ ಕೇಳಿದಿರಿ. "ಆ ಪಟ್ಟಿ ಇನ್ನೊಂದು ಪ್ರತಿ ಸಿಗ್ತೈತೇನವ್ವ? ನನ್ನ ಸಮಾಧಾನಕ್ಕೆ. ಒಂದ್ಸಲ ನೋಡ್ಬೇಕು."

ನಾನು ಪ್ರಿಂಟ್ ಕೊಟ್ಟೆ.

ಹೊಸ ಪಟ್ಟಿ ಹೊಸ ಅಂಕಿಯನ್ನೇ ತೋರಿಸಿತು. ನೀವು ಅದನ್ನು ಬೆಳಕಿಗೆ ಹಿಡಿದು, ಬೆರಳಿಟ್ಟು, ಆ ರಿಲೇ ಇದ್ದ ಏಳನೇ ಸಾಲನ್ನು ಓದಿದಿರಿ. "ಹನ್ನೆರಡೇ ಐತೆ" ಎಂದಿರಿ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಇಟ್ಟುಕೊಂಡಿರಿ. "ನಿನಗೂ ಸುಮ್ನೆ ತೊಂದ್ರೆ ಕೊಟ್ಟೆ" ಎಂದು ಹೇಳಿ ಹೊರಟಿರಿ. ಡ್ರಾಯಿಂಗಿನಲ್ಲಿ ಮಾಡಿದ್ದು ತಿಳಿಯದೆ ಮಾಡಿದ ತಪ್ಪು. ಈ ಹಾಳೆ ಕೊಟ್ಟಿದ್ದು ತಿಳಿದೇ ಮಾಡಿದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ನಾನು ಹಾಕಿಲ್ಲ.

ಆಮೇಲಿನ ವರ್ಷಗಳಲ್ಲಿ ನನಗೆ ಒಳ್ಳೆಯದೇ ಆಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ. ಬಿಡಿ ಅಕ್ಷರ ಟೈಪ್ ಮಾಡುವ ಅಭ್ಯಾಸವನ್ನು ನಾನು ಬಿಟ್ಟೆ, ಬೇರೆಯವರಿಗೂ ಬಿಡಿಸಿದೆ. ಪ್ರತಿ ಚಿತ್ರವನ್ನೂ ಒತ್ತಿ ನೋಡದೆ ಯಾವ ನಕ್ಷೆಯೂ ನನ್ನ ಮೇಜು ದಾಟುವುದಿಲ್ಲ. ಮೂರು ವರ್ಷದ ಹಿಂದೆ ಪ್ರಸನ್ನಕುಮಾರ್ ಮೇಲಿನ ಮಹಡಿಯಲ್ಲಿ ಡಿಪ್ಲೊಮಾ ಮುಗಿಸಿದವರಿಗೆ ತರಬೇತಿ ಶುರು ಮಾಡಿದಾಗ ಪಾಠ ನನಗೇ ಬಂತು. ಹುಡುಗರು ಹಿಂದಿನಿಂದ ನನ್ನನ್ನು ಪ್ರಾಪರ್ಟೀಸ್ ಮೇಡಂ ಅನ್ನುತ್ತಾರೆ. ಮೊದಲ ದಿನದ ಪಾಠದಲ್ಲಿ ಬೋರ್ಡಿನ ಮೇಲೆ ನಾಲ್ಕು ಪ್ರಶ್ನೆ ಬರೆಯುತ್ತೇನೆ. ನಿನ್ನ ಹೆಸರೇನು, ಯಾರ ಮನೆಗೆ ಸೇರಿದ್ದು, ಎಷ್ಟು ಉಣ್ಣುತ್ತೀ, ಎಷ್ಟಕ್ಕೆ ಸಿಟ್ಟು ಬರುತ್ತದೆ. ಎಲ್ಲರೂ ನಗುತ್ತಾರೆ. ಯಾರೂ ಮರೆಯುವುದಿಲ್ಲ. ಅವು ಯಾರ ಪ್ರಶ್ನೆಗಳು ಎಂದು ಒಂದು ತಂಡಕ್ಕೂ ನಾನು ಹೇಳಿರಲಿಲ್ಲ.

ನಿಮ್ಮಲ್ಲಿಗೆ ಬರಬೇಕೆಂದು ಹೊರಟಿದ್ದೂ ಉಂಟು. ದಾವಣಗೆರೆ ನಿಲ್ದಾಣದಲ್ಲಿ ನಿಮ್ಮೂರಿನ ಕಡೆಯ ಜಗಳೂರು ಬಸ್ಸು ನಿಂತಿತ್ತು. ಹತ್ತಿ ಕಿಟಕಿ ಪಕ್ಕ ಸೀಟು ಹಿಡಿದೆ. ಕಂಡಕ್ಟರ್ ಹಿಂದಿನ ಸೀಟಿನವರಿಗೆ ಟಿಕೆಟ್ ಕೊಡುತ್ತಿದ್ದಾಗ ಇಳಿದೆ. "ಯಾಕಮ್ಮ, ಬಸ್ ಸರಿಯಿಲ್ವಾ?" ಎಂದು ಅವನು ಕೂಗಿ ಕೇಳಿದ. ಬಸ್ಸು ಸರಿಯಾಗಿಯೇ ಇತ್ತು. ನೀವು ವಯಸ್ಸಾಯಿತೆಂದು ಊರು ಸೇರಿ, ಬೇವಿನ ಕಟ್ಟೆಯ ಮೇಲೆ ಪೇಪರ್ ಓದುತ್ತ ಸುಖವಾಗಿದ್ದೀರಿ ಎಂದು ಒಂದು ಚಿತ್ರ ಮಾಡಿಕೊಂಡಿದ್ದೆ. ಅದನ್ನೂ ಒತ್ತಿ ನೋಡಿರಲಿಲ್ಲ.

ಈ ಜೂನ್ ತಿಂಗಳ ತಂಡದಲ್ಲಿ ಚೈತ್ರಶ್ರೀ ಜಿ. ಎಂಬ ಹುಡುಗಿ ಇದ್ದಳು. ಸಂತೆಬೆನ್ನೂರಿನ ಚಿಕ್ಕಮ್ಮನ ಮನೆಯಿಂದ ಬರುತ್ತಾಳೆ ಎಂದಷ್ಟೇ ಗೊತ್ತಿತ್ತು. ಬೋರ್ಡಿನ ಮೇಲೆ ನಾಲ್ಕು ಪ್ರಶ್ನೆ ಬರೆದು ತಿರುಗಿದರೆ ಎಲ್ಲರೂ ನಗುತ್ತಿದ್ದರು, ಇವಳೊಬ್ಬಳು ನಗುತ್ತಿರಲಿಲ್ಲ. ಪಾಠ ಮುಗಿದ ಮೇಲೆ ಮೇಜಿನ ಹತ್ತಿರ ಬಂದು ನಿಂತಳು. "ಮೇಡಂ, ಇವು ನಮ್ಮಪ್ಪನ ಮಾತು. ಮಿಕ್ಸಿ ಬಿಚ್ಚಿದ್ರೆ ಸಾಕು, ಅದರ ಜೊತೆ ಹಿಂಗೇ ಮಾತಾಡೋರು. ಅವರು ಇಲ್ಲಿದ್ದಾಗ ನೀವೂ ಇದ್ರಾ?" ಎಂದಳು. ನೀವು ಈಗ ಏನು ಮಾಡುತ್ತಿದ್ದೀರಿ ಎಂದು ನಾನು ಕೇಳಲಿಲ್ಲ. ಅವಳೇ ಹೇಳಿದಳು.

ಜಗಳೂರಿನ ಕಲ್ಯಾಣ ಮಂಟಪದಲ್ಲಿ ಕಾವಲಿಗೆ ಇದ್ದೀರಂತೆ. ಅಲ್ಲಿ ಫ್ಯೂಸ್ ಹೋದರೂ ಫೋನ್ ಮಾಡಿ ಬೇರೆ ವೈರ್‌ಮನ್‌ನನ್ನು ಕರೆಸುತ್ತೀರಂತೆ. "ಮನೆನಾಗೆ ಬಲ್ಬ್ ಬದಲಿಸಾಕೂ ನನ್ನನ್ನೇ ಹತ್ತಿಸ್ತಾರೆ ಮೇಡಂ. ಬಸ್ಸಿನ ಬೋರ್ಡ್ ತಾವು ಓದಿದ ಮೇಲೂ ಇನ್ನೊಬ್ಬರನ್ನ ಕೇಳ್ತಾರೆ. ನನ್ನ ಕಣ್ಣು ಅಂಕಿ ತಿರುಗಿಸಿ ತೋರಿಸ್ತೈತೆ ಅಂತಾರೆ. ಪೇಪರ್ ಓದೋದೇ ಬಿಟ್ಟಾರೆ." ದಾವಣಗೆರೆಯ ಕಣ್ಣಿನ ಡಾಕ್ಟರು ಏನೂ ತೊಂದರೆಯಿಲ್ಲ ಎಂದಾಗ ನೀವು, "ಡಾಕ್ಟ್ರು ಗೋಡೆ ಮೇಲಿನ ಅಕ್ಷರ ತೋರಿಸ್ತಾರೆ, ರಿಲೇ ತೋರಿಸ್ತಾರೇನು?" ಎಂದು ಎದ್ದು ಬಂದಿರಂತೆ. ಆ ಮಾತನ್ನು ಹೇಳುವಾಗ ಅವಳು ಸ್ವಲ್ಪ ನಕ್ಕಳು. ಆಮೇಲೆ ಹೇಳಿದಳು. "ಅಪ್ಪ ಒಂದು ಅಂಕಿ ತಪ್ಪು ಓದಿದ್ರು ಮೇಡಂ. ಅದಕ್ಕೇ ನಾನು ಇದನ್ನ ಸರಿಯಾಗಿ ಕಲೀಬೇಕು ಅಂತ ಬಂದೆ."

ಅವಳು ಕ್ಲಾಸಿನಲ್ಲಿ ಪ್ರತಿಯೊಂದು ಚಿತ್ರವನ್ನೂ ಒತ್ತಿ, ಪ್ರಾಪರ್ಟೀಸಿನ ಒಂದೊಂದು ಸಾಲನ್ನೂ ಬಾಯಿ ಬಿಟ್ಟು ಓದುತ್ತಾಳೆ. ಪಕ್ಕದವರು ಜಾತಕ ನೋಡ್ತಿದ್ದೀಯಾ ಎಂದು ಕಾಡಿಸುತ್ತಾರೆ. ತಪ್ಪೇ ಮಾಡದ ತಂದೆಯ ತಪ್ಪಿಗೆ ಮಗಳು ಪ್ರಾಯಶ್ಚಿತ್ತ ಮಾಡುತ್ತಿದ್ದಳು, ಅದೂ ನನ್ನ ಕಣ್ಣ ಮುಂದೆ. ಮೂರು ದಿನ ತಡೆದುಕೊಂಡೆ. ನಾಲ್ಕನೇ ದಿನ ಎಲ್ಲರೂ ಊಟಕ್ಕೆ ಇಳಿದ ಮೇಲೆ ಅವಳನ್ನು ಕೂರಿಸಿಕೊಂಡು ಹೇಳಿದೆ. ಅವಳು ಎಲ್ಲ ಕೇಳಿದಳು. ಕಂಪ್ಯೂಟರ್ ಆರಿಸಿ, ಡಬ್ಬಿ ತೆಗೆದುಕೊಂಡು ಹೊರಟುಹೋದಳು. ಇನ್ನು ಬರುವುದಿಲ್ಲ ಎಂದುಕೊಂಡೆ. ಮರುದಿನ ಅದೇ ಕುರ್ಚಿಯಲ್ಲಿ ಕೂತಿದ್ದಳು. "ನಿಮ್ಮ ಮೇಲೆ ಸಿಟ್ಟೈತೆ ಮೇಡಂ. ಆದ್ರೂ ಕಲೀತೀನಿ" ಎಂದಳು. ನಿಮಗೆ ಇವತ್ತೇ ಫೋನ್ ಮಾಡುತ್ತೇನೆ ಎಂದೆ. "ಫೋನ್ ಬ್ಯಾಡ. ಬರೀರಿ. ಬರೆದ್ರೆ ಅಪ್ಪ ಓದ್ಬೇಕಾಗ್ತೈತೆ" ಎಂದಳು. ಗುರುಸ್ವಾಮಣ್ಣ, ಈ ಕಾಗದ ಅವಳ ಬುದ್ಧಿ.

ಬರೆಯುವ ಮೊದಲು ಇನ್ನಿಬ್ಬರಿಗೆ ಹೇಳಬೇಕಿತ್ತು. ಪ್ರಸನ್ನಕುಮಾರ್, "ಆರು ವರ್ಷದ ಹಿಂದಿನ ಹೆಣನ ಈಗ್ಯಾಕಮ್ಮ ಅಗೀತೀಯಾ? ಆ ಮೋಟಾರೇ ಗುಜರಿಗೆ ಹೋತು" ಎಂದರು. ಮೋಟಾರು ಹೋಯಿತು, ಮನುಷ್ಯರಿದ್ದಾರೆ ಎಂದೆ. ಅವರು ಮೇಜಿನ ಮೇಲಿನ ಅಳತೆ ಟೇಪನ್ನು ಎಳೆದು ಬಿಟ್ಟು ಮಾಡಿದರು. ಈ ತಂಡ ಮುಗಿದ ಮೇಲೆ ಪಾಠ ನಿಲ್ಲಿಸು ಎಂದಿದ್ದಾರೆ. ಒಪ್ಪಿಕೊಂಡಿದ್ದೇನೆ. ಕೊನೆಯ ಪಾಠದಲ್ಲಿ ಆ ಪ್ರಶ್ನೆಗಳು ಯಾರವು, ಅವುಗಳನ್ನು ಕೇಳದೆ ಬಿಟ್ಟವಳು ಯಾರು ಎಂದು ಹೆಸರು ಹಿಡಿದು ಹೇಳುತ್ತೇನೆ.

ಕಳೆದ ಗುರುವಾರ ಗೋವಿನಕೋವಿಗೆ ಹೋಗಿದ್ದೆ. ಧರ್ಮಪ್ಪನವರು ಗಿರಣಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೊದಲು ನನಗೆ ಬೈದರು, ಬೈಯಬೇಕಾದಷ್ಟು. ಆಮೇಲೆ, "ಅವರಿಗೆ ಕಣ್ಣು ಮಂಜು ಅಂತ ನ್ಯಾಮತಿ ಸಂತೆ ತನಕ ಸಾರಿದ್ದೋನು ನಾನು ಕಣಮ್ಮ. ಈಗ ಸಂತೆಗೆ ಹೋಗಿ ಏನಂತ ಸಾರ್ಲಿ?" ಎಂದರು. ನಾನು ಬರೆದುಕೊಂಡು ಹೋಗಿದ್ದ ತಪ್ಪೊಪ್ಪಿಗೆಯ ಕೆಳಗೆ ತಮ್ಮ ಕೈಯಿಂದ ಒಂದು ಸಾಲು ಬರೆದು ಸಹಿ ಮಾಡಿದ್ದಾರೆ. ಅದರ ಪ್ರತಿ ಈ ಲಕೋಟೆಯಲ್ಲಿದೆ. ಹೊಸ ಪ್ಯಾನಲ್ಲನ್ನು ನೀವು ಬಂದು ನೋಡಬೇಕಂತೆ. "ಬಂದು ಬೈಲಿ, ಕುರ್ಚಿ ನಾನೇ ಹಾಕ್ತೀನಿ ಅಂತ ಹೇಳು" ಎಂದರು. ಹೋಗುವುದು ಬಿಡುವುದು ನಿಮಗೆ ಸೇರಿದ್ದು.

ಕ್ಷಮಿಸಿ ಎಂದು ಬರೆಯಲು ಜಾಗ ಬಿಟ್ಟುಕೊಂಡೇ ಬಂದೆ. ಬರೆಯುವುದಿಲ್ಲ. ಕ್ಷಮಿಸಿದರೆ ನನಗೆ ಹಗುರಾಗುತ್ತದೆ, ಆರು ವರ್ಷ ನಿಮಗೆ ವಾಪಸು ಬರುವುದಿಲ್ಲ. ನೀವು ಮುಟ್ಟದೇ ಬಿಟ್ಟ ಬಲ್ಬುಗಳು, ಓದದೇ ಬಿಟ್ಟ ಪೇಪರುಗಳು, ಯಾವುದನ್ನೂ ನಾನು ತಂದುಕೊಡಲಾರೆ. ಒಂದನ್ನು ಮಾತ್ರ ಕೊಡಬಲ್ಲೆ. ಅದು ಈಗಾಗಲೇ ನಿಮ್ಮ ಹತ್ತಿರವೇ ಇದೆ.

ನಾನು ಆ ದಿನ ಕೊಟ್ಟ ಪಟ್ಟಿ ಇನ್ನೂ ನಿಮ್ಮ ಟ್ರಂಕಿನಲ್ಲಿ, ರೇಷನ್ ಕಾರ್ಡಿನ ಜೊತೆ ಇದೆ, ಆಗಾಗ ತೆಗೆದು ನೋಡುತ್ತೀರಿ ಎಂದು ಚೈತ್ರಶ್ರೀ ಹೇಳಿದಳು. ಅದನ್ನು ತೆಗೆಯಿರಿ. ಏಳನೇ ಸಾಲು ನೋಡಬೇಡಿ. ಅದನ್ನು ಬೇಕಾದಷ್ಟು ಸಲ ನೋಡಿದ್ದೀರಿ. ಹಾಳೆಯ ಕೆಳಗೆ, ಬಲಗಡೆಯ ಮೂಲೆಗೆ ಬನ್ನಿ. ಎಳ್ಳು ಚೆಲ್ಲಿದಂತೆ ತೀರಾ ಸಣ್ಣ ಅಕ್ಷರದಲ್ಲಿ ಒಂದು ತಾರೀಖು, ಒಂದು ಸಮಯ ಇರುತ್ತದೆ. ಪಟ್ಟಿ ಅಚ್ಚಾದ ಗಳಿಗೆಯನ್ನು ಸಾಫ್ಟ್‌ವೇರ್ ತಾನಾಗಿಯೇ ಹಾಕುತ್ತದೆ. ನಾನು ಕೊಡುವಾಗ ಅದನ್ನು ಗಮನಿಸಿರಲಿಲ್ಲ, ನೀವೂ ಗಮನಿಸಿರಲಿಲ್ಲ. ನೀವು ಗೋವಿನಕೋವಿಯಲ್ಲಿ ಡಯಲ್ ತಿರುಗಿಸಿದ್ದು ನವೆಂಬರ್ 22ರಂದು, ನಾನು ಅಂಕಿ ತಿದ್ದಿದ್ದು ಫೆಬ್ರವರಿಯ ಆ ಶನಿವಾರ. ಆ ಮೂಲೆಯಲ್ಲಿ ಇರುವುದು ಯಾವ ತಾರೀಖು ಎಂದು ನೋಡಿ. ಯಾರನ್ನೂ ಕರೆಯಬೇಡಿ, ಎರಡನೇ ಸಲ ಕೇಳಬೇಡಿ. ನೀವೇ ಓದಿ, ಒಂದೇ ಸಲ ಓದಿ. ನಿಮಗೆ ಏನು ಕಾಣುತ್ತದೋ ಅದೇ ಅಲ್ಲಿರುವುದು.

ನಿಮ್ಮ ಕಣ್ಣು ನೂರು ವರ್ಷ ತಣ್ಣಗಿರಲಿ. ಕರಿಯಕ್ಕನವರಿಗೆ ನನ್ನ ನಮಸ್ಕಾರ ತಿಳಿಸಿ. ನಾಳೆ ಬೆಳಿಗ್ಗೆಯ ಪೇಪರನ್ನು ತರಿಸಿಕೊಳ್ಳಿ.

ನಿಮ್ಮಿಂದ ಕೇಳಲು ಕಲಿತು, ಬೇಕಾದಾಗ ಕೇಳದೇ ಉಳಿದ
ಲೀಲವ್ವ